ಎರಡಡಿ ಸಮುದ್ರ, ಮೋಟಾರಿನ ಅಣ್ಣ

ಫಿಲ್ಟರ್ ಡಬ್ಬಿಯ ಮುಚ್ಚಳ ಬಿಚ್ಚಿದ್ದೇ ತಡ, ನಾತ ಮೂಗಿಗೆ ಹೊಡೆಯಿತು. ಕೊಳೆತ ತತ್ತಿಯ ನಾತ. ನನ್ನ ಹೆಂಡತಿ ಗಿರಿಜಾ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಅಡುಗೆಮನೆಯಿಂದ ಬಂದು, "ಏನ್ ಸತ್ತೈತ್ರಿ ಅದರಾಗ?" ಎಂದಳು. ಏನೂ ಸತ್ತಿಲ್ಲ, ಆರು ತಾಸು ಕರೆಂಟಿರಲಿಲ್ಲ, ಮುಚ್ಚಿದ ಡಬ್ಬಿಯೊಳಗೆ ನಿಂತ ನೀರು ಕೆಟ್ಟಿದೆ ಎಂದು ವಿಜ್ಞಾನದ ಮಾಸ್ತರನ ಗತ್ತಿನಲ್ಲಿ ವಿವರಿಸಲು ಹೋದೆ. ಮಾತು ಅರ್ಧಕ್ಕೇ ನಿಂತಿತು. ಆ ನಾತ ನನಗೆ ಗುರುತಿನದು. ರೋಣದಲ್ಲಿ ನಮ್ಮ ಮನೆಯ ಹಿತ್ತಲ ಬಾವಿಯ ಕೆಸರು ತೆಗೆಯುವ ದಿನ ಇದೇ ನಾತ ಓಣಿಯೆಲ್ಲ ಹಬ್ಬುತ್ತಿತ್ತು. ಕೆಳಗೆ ಸೊಂಟಮಟ್ಟ ರಾಡಿಯಲ್ಲಿ ನಿಂತು ಅಣ್ಣ ಬುಟ್ಟಿ ತುಂಬುತ್ತಿದ್ದ, ಮೇಲೆ ನಾನು ಹಗ್ಗ ಎಳೆಯುತ್ತಿದ್ದೆ.

ಆ ಅಣ್ಣನ ಜೊತೆ ನಾನು ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

ಇರಲಿ, ಮೊದಲು ಈ ಡಬ್ಬಿಯ ಕಥೆ ಹೇಳುತ್ತೇನೆ. ಗಜೇಂದ್ರಗಡದಲ್ಲಿ ಕೂತು ಮನೆಯೊಳಗೆ ಹವಳ ಸಾಕುವವನ ತಲೆ ನೆಟ್ಟಗಿದೆಯೇ ಎಂದು ನೀವು ಕೇಳಿದರೆ ನನಗೆ ಸಿಟ್ಟಿಲ್ಲ. ಊರೇ ಕೇಳಿದೆ. ಹುಬ್ಬಳ್ಳಿಯ ಒಂದು ದವಾಖಾನಿಯಲ್ಲಿ ಹಲ್ಲು ಕೀಳಿಸಲು ಸರದಿ ಕಾಯುತ್ತ ಕೂತಿದ್ದೆ. ಎದುರಿಗೆ ಗಾಜಿನ ತೊಟ್ಟಿ. ಹವಳ ಅಂದರೆ ಕೊರಳಿಗೆ ಹಾಕುವ ಸರ ಎಂದಷ್ಟೇ ತಿಳಿದಿದ್ದ ನನ್ನ ಮುಂದೆ ಜೀವಂತ ಹವಳ ನೀರಿನಲ್ಲಿ ಸಣ್ಣ ಸಣ್ಣ ಬೆರಳು ಆಡಿಸುತ್ತಿತ್ತು. ಒಳಗಿನಿಂದ ನನ್ನ ಹೆಸರು ಎರಡು ಸಲ ಕರೆದರಂತೆ, ನನಗೆ ಕೇಳಿಸಲೇ ಇಲ್ಲ. ಅವತ್ತು ಹಲ್ಲು ಹೋಯಿತು, ಹುಚ್ಚು ಬಂತು.

ಎರಡಡಿಯ ತೊಟ್ಟಿ ತಂದ ಮೇಲೆ ನಾನು ಮಾಡಿದ ಮೊದಲ ತಪ್ಪು ನಮ್ಮ ಸೀಮೆಯವರು ಮಾತ್ರ ಮಾಡುವಂಥದ್ದು. ನಮ್ಮ ಬೋರಿನ ನೀರು ಸವಳು. ಸಾಬೂನು ಹಚ್ಚಿದರೆ ನೊರೆ ಬರಲ್ಲ, ಬೇಳೆ ಇಟ್ಟರೆ ಬೇಯಲ್ಲ. ಸಮುದ್ರದ ಮೀನಿಗೆ ಹೇಗೂ ಉಪ್ಪುನೀರೇ ಬೇಕಲ್ಲ, ದೇವರು ಪುಕ್ಕಟೆ ಕೊಟ್ಟಿದ್ದಾನೆ ಎಂದು ಅದನ್ನೇ ತುಂಬಿ, ಸಾಲದ್ದಕ್ಕೆ ಅಡುಗೆಯ ಉಪ್ಪು ಸುರಿದೆ. ಮೊದಲು ಬಿಟ್ಟ ಮೂರು ಶಂಖದ ಹುಳುಗಳು ಎರಡೇ ದಿನದಲ್ಲಿ ಹೋದವು. ಹುಬ್ಬಳ್ಳಿಯ ಮೀನಿನ ಅಂಗಡಿಯವನಿಗೆ ಫೋನಿನಲ್ಲಿ ಹೇಳಿದರೆ ಆತ ನಗು ತಡೆಯಲಾರದೆ, "ಸರ, ಉಪ್ಪು ಇದ್ದದ್ದೆಲ್ಲಾ ಸಮುದ್ರ ಆಗತೈತೇನ್ರಿ? ಶುದ್ಧ ನೀರು ತರ್ರಿ, ಸಮುದ್ರದ ಉಪ್ಪು ಅಂತ ಬ್ಯಾರೇನ ಬರತೈತಿ, ಅದನ್ನ ಕಲಸ್ರಿ" ಎಂದ. ತಲೆಮಾರಿನಿಂದ ನೀರಿನ ಉಪ್ಪಿಗೆ ಶಾಪ ಹಾಕಿದ ಮನೆತನದ ಕುಡಿ ನಾನು ಸಿಹಿನೀರಿನ ಕ್ಯಾನು ಹೊತ್ತು ತಂದು ಅದಕ್ಕೆ ಉಪ್ಪು ಕಲಸಿದೆ. ಅವ್ವ ಇದ್ದಿದ್ದರೆ ಸೌಟು ತಗೊಂಡು ಬಡಿಯುತ್ತಿದ್ದಳು.

ಅವ್ವನ ಮುಂದೆ ನೀರಿನ ವಿಷಯದಲ್ಲಿ ಆಟ ನಡೆಯುತ್ತಿರಲಿಲ್ಲ. ಬಾವಿಯ ಸವಳು ನೀರು ಬಳಕೆಗೆ, ಕೆರೆಯ ನೀರು ಕುಡಿಯಲಿಕ್ಕೆ. ಅಪ್ಪನ ಹಳೆಯ ಧೋತರದ ಅರಿವಿಯನ್ನು ನಾಲ್ಕು ಮಡಿಕೆ ಮಾಡಿ ಹರಿವಿಯ ಬಾಯಿಗೆ ನಾನು ಬಿಗಿ ಹಿಡಿಯಬೇಕು, ಅಣ್ಣ ಕೊಡ ಬಗ್ಗಿಸಬೇಕು. ಸೋಸಿದ ಮೇಲೆ ಅರಿವಿ ಝಾಡಿಸಿ ಚೆಲ್ಲುವಂತಿಲ್ಲ. ಅದನ್ನು ಬೋರಲು ಮಾಡಿ, ಅದರಲ್ಲಿ ಸಿಕ್ಕ ಹುಳುಗಳನ್ನು ತಂಬಿಗೆಯ ನೀರಿಗೆ ಇಳಿಸಿ, ತಿರುಗಿ ಕೆರೆಗೆ ಬಿಟ್ಟು ಬರಬೇಕು. "ನಮ್ಮ ಹೊಟ್ಟಿಗೆ ಬ್ಯಾಡಾದ್ರ ಅವು ಸಾಯಬೇಕೇನು? ಅವಕ್ಕೂ ಮನಿ ಐತಿ" ಎನ್ನುತ್ತಿದ್ದಳು. ನಾನು ಸೋಂಬೇರಿ, ಅರ್ಧ ದಾರಿಯಲ್ಲೇ ಗಟಾರಕ್ಕೆ ಚೆಲ್ಲಿ ಬರುತ್ತಿದ್ದೆ. ಅವ್ವ ಗದರಿಸಿ ಕೇಳಿದರೆ, ಹಿಂದಿನಿಂದ ಅಣ್ಣನೇ ಬಾಯಿ ಹಾಕುತ್ತಿದ್ದ: "ಬಿಟ್ಟಾನವ್ವಾ, ನಾ ನೋಡೇನಿ." ಆತ ಅಲ್ಲಿ ಇರುತ್ತಲೇ ಇರಲಿಲ್ಲ.

ಇಂಥ ಅಣ್ಣನ ಜೊತೆ ಜಗಳ ಯಾಕೆ ಅಂತೀರಾ? ಬಾವಿಗಾಗಿ. ಆ ವರ್ಷ ದೀಪಾವಳಿ ಸೂಟಿಗೆ ರೋಣಕ್ಕೆ ಹೋದರೆ ಹಿತ್ತಲಲ್ಲಿ ಬಾವಿಯೇ ಇಲ್ಲ! ಮಣ್ಣು ತುಂಬಿ ಮೇಲೆ ಸಿಮೆಂಟು ಬಳಿದಿದ್ದರು. ನನಗೊಂದು ಮಾತು ಹೇಳಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. "ನನ್ನ ಕೇಳಬೇಕು ಅನಸಲಿಲ್ಲೇನು? ಈ ಮನಿಗೆ ನೀ ಒಬ್ಬನ ಮಗಾ ಏನು?" ಎಂದು ಓಣಿಗೆ ಕೇಳುವ ಹಾಗೆ ಚೀರಿದೆ. ಅಣ್ಣ, "ಬ್ಯಾಡಾಗಿತ್ತು, ಮುಚ್ಚಿಸಿದೆ" ಎಂದನೇ ಹೊರತು ಮತ್ತೊಂದು ಮಾತಾಡಲಿಲ್ಲ. ಅವ್ವ ಮೆಂತೆ ಸೊಪ್ಪು ಬಿಡಿಸುತ್ತ ತಲೆ ಎತ್ತಲಿಲ್ಲ. ಮುಂದಿನ ಬೇಸಿಗೆಗೆ ಅವ್ವ ಹೋದಳು. ಅಣ್ಣ ತಮ್ಮ ಒಟ್ಟಿಗೆ ನಿಂತು ಮಣ್ಣು ಕೊಟ್ಟೆವು, ಮುಖ ನೋಡಲಿಲ್ಲ. ಆಮೇಲೆ ಅಣ್ಣ ನರಗುಂದಕ್ಕೆ ಹೋಗಿ ಮೋಟಾರು ರಿವೈಂಡಿಂಗ್ ಅಂಗಡಿ ಹಾಕಿದ. ಬಿಚ್ಚುವುದಕ್ಕೂ ಮೊದಲೇ ಬರೀ ಕಿವಿಗೊಟ್ಟು ಮೋಟಾರಿನ ರೋಗ ಹೇಳುತ್ತಾನೆಂದು ಕೊಣ್ಣೂರಿನ ರೈತರು ಹೊಗಳುವುದು ನನ್ನ ಕಿವಿಗೂ ಬೀಳುತ್ತಿತ್ತು. ಕೇಳಿ ಹಿಗ್ಗುತ್ತಿದ್ದೆ, ಮೇಲೆ ಮಾತ್ರ ಗಂಟುಮೋರೆ.

ಈಗ ಡಬ್ಬಿ ನಾರಿದ ದಿನಕ್ಕೆ ಬರೋಣ. ತೊಟ್ಟಿಯಲ್ಲಿ ಎರಡು ಕಿತ್ತಳೆ ಬಣ್ಣದ ಮೀನು, ಒಂದು ಹವಳ. ಬ್ಯಾಟರಿಯ ಗಾಳಿಯಂತ್ರದ ಮೇಲೆ ಹೇಗೋ ಜೀವ ಹಿಡಿದಿದ್ದವು. ಹವಳ ಬೆರಳೆಲ್ಲ ಒಳಗೆಳೆದುಕೊಂಡು ಮುದುಡಿತ್ತು. ಬೇಗ ಬೇರೆ ಫಿಲ್ಟರ್ ಆರಿಸಬೇಕು. ಅಂಗಡಿಯವನೋ ಒಂದು ಕೇಳಿದರೆ ನಾಲ್ಕು ಹೇಳುತ್ತಿದ್ದ: ಇದೇ ಮುಚ್ಚಿದ ಡಬ್ಬಿಯಲ್ಲಿ ದೊಡ್ಡದು, ತೊಟ್ಟಿಯ ಬೆನ್ನಿಗೆ ತೂಗುಹಾಕುವಂಥದ್ದು, ಬೆಲ್ಲದ ಕೊಪ್ಪರಿಗೆಯ ಮೇಲಿನ ಕೊಳೆಯಂತೆ ಹೊಲಸನ್ನು ನೊರೆ ಮಾಡಿ ಎತ್ತುವಂಥದ್ದು, ಇಲ್ಲವೇ ಕೆಳಗೊಂದು ತೊಟ್ಟಿಯಿಟ್ಟು ಪಂಪಿನಿಂದ ನೀರು ತಿರುಗಿಸುವಂಥದ್ದು. ಎಲ್ಲದಕ್ಕೂ ಕರೆಂಟು ಬೇಕು. ನಮ್ಮೂರ ಕರೆಂಟಿನ ಗುಣವನ್ನೂ ಪಂಪಿನ ಗುಣವನ್ನೂ ಬಲ್ಲವನು ಒಬ್ಬನೇ.

ಖರೇ ಹೇಳಲಾ? ಫಿಲ್ಟರ್ ಬರೀ ನೆವ. ಆ ನಾತ ಮೂಗಿಗೆ ಬಿದ್ದಾಗಿನಿಂದ ನನಗೆ ಅಣ್ಣ ಬೇಕಾಗಿದ್ದ. ಐವತ್ತು ದಾಟಿದ ಗಂಡಸು ಅಣ್ಣನಿಗಾಗಿ ಹಲುಬುವುದು ನಾಚಿಕೆಯ ವಿಷಯ ಎಂದು ಎರಡು ದಿನ ಫೋನು ಎತ್ತಿ ಎತ್ತಿ ಇಟ್ಟೆ. ಮೂರನೆಯ ದಿನ ಗಿರಿಜಾಗೆ ತಲೆ ಕೆಟ್ಟಿತು. "ನೀವ್ ಮಾತ್ ಬಿಟ್ಟೀರಿ, ನಾವ್ ಬಿಟ್ಟಿಲ್ಲ" ಎಂದವಳೇ ತನ್ನ ಫೋನಿನಿಂದ ಅತ್ತಿಗೆಯ ನಂಬರು ಹಚ್ಚಿದಳು. ಈ ನೆಗೆಣ್ಣಿಯರಿಬ್ಬರೂ ಒಂಬತ್ತು ವರ್ಷ ವಾರಕ್ಕೊಮ್ಮೆ ಮಾತಾಡಿದ್ದಾರೆ, ನನಗೆ ಸುಳಿವಿಲ್ಲ! "ಅಕ್ಕಾ, ಭಾವಾರ ಕೈಯಾಗ ಕೊಡ್ರಿ" ಎಂದು ನನ್ನ ಕಿವಿಗೆ ಹಿಡಿದಳು.

"ಅಣ್ಣಾ, ನಾ."

"ಹೇಳು."

"ಒಂದ್ ಪಂಪಿಂದು ಕೇಳೋದಿತ್ತು."

"ಎಷ್ಟು ಎತ್ತರಕ್ಕ ನೀರ್ ಏರಸಬೇಕು?"

ಒಂಬತ್ತು ವರ್ಷದ ಮೇಲೆ ಅಣ್ಣ ಕೇಳಿದ ಮೊದಲ ಪ್ರಶ್ನೆ ಇದು. ಎರಡೂವರೆ ಅಡಿ ಎಂದೆ. "ಕರೆಂಟ್ ಹೋದಾಗ ಆ ನೀರು ಎಲ್ಲಿಗೆ ಹೋಗತೈತಿ?" ಎಂದ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. "ನಾಳಿ ರವಿವಾರ. ಬರತೀನಿ" ಎಂದು ಇಟ್ಟುಬಿಟ್ಟ.

ಬಂದ. ತಲೆ ಪೂರಾ ಬೆಳ್ಳಗಾಗಿತ್ತು. ಅದಕ್ಕೆ ನಾನು ತಯಾರಿರಲಿಲ್ಲ, ನೀರು ತರುವ ನೆವದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ. ಆತ ನಾರಿದ ಡಬ್ಬಿಯನ್ನು ಕಾಲಿನಿಂದಲೇ ಪಕ್ಕಕ್ಕೆ ಸರಿಸಿ, "ಮುಚ್ಚಿದ್ದು ಬ್ಯಾಡ. ನೀರು ಗಾಳಿ ಕಾಣಬೇಕು" ಎಂದ. ತೊಟ್ಟಿಯ ಕೆಳಗೆ ಬಾಯಿ ತೆರೆದ ಇನ್ನೊಂದು ತೊಟ್ಟಿ, ಅದರೊಳಗೆ ಸಮುದ್ರದ ಕಲ್ಲು, ಸಣ್ಣದೊಂದು ನೊರೆಯಂತ್ರ, ಮೂಲೆಯಲ್ಲಿ ತಾನೇ ತಂದ ಪಂಪು. ಮೇಲೇರುವ ಪೈಪಿಗೆ ಮೇಲಿನ ತೊಟ್ಟಿಯ ನೀರಿನ ಮಟ್ಟದಲ್ಲೇ ಸಣ್ಣ ತೂತು ಕೊರೆದ. ಎಲ್ಲ ಜೋಡಿಸಿ, ನಾನು ಬೇಡ ಬೇಡ ಎನ್ನುತ್ತಿದ್ದಂತೆ ಬಟನ್ ಆರಿಸಿಬಿಟ್ಟ. ಮೇಲಿನ ನೀರು ಗಳಗಳ ಕೆಳಗಿಳಿಯಿತು. ಕೆಳಗಿನ ತೊಟ್ಟಿಯ ಅಂಚಿಗೆ ಇನ್ನೂ ನಾಲ್ಕು ಬೆರಳು ಇರುವಾಗ ತೂತಿನಿಂದ ಗಾಳಿ ಹೊಕ್ಕು ನಿಂತಿತು. "ಕೆಳಗಿಂದು ಎಂದೂ ತುಂಬಸಬ್ಯಾಡ. ಇಳಿದು ಬರೋದಕ್ಕ ಜಾಗಾ ಇರಬೇಕು" ಎಂದ.

ಕೊನೆಯ ಜೋಡಣೆಗೆ ಅಂಟು ಹಚ್ಚಿ, ನನ್ನ ಕೈಗೆ ಪೈಪು ಕೊಟ್ಟು, ನನ್ನ ಮುಖ ನೋಡದೆ ಹೇಳಿದ: "ಆ ವರ್ಷ ಅವ್ವಗ ಅರಳುಮರಳು ಶುರು ಆಗಿತ್ತು. ಬಾವಿನ ಕೆರಿ ಅಂತ ತಿಳಕೊಂಡು ಕೊಡಾ ಹಿಡಕೊಂಡು ಇಳಿಯಾಕ ಹೋಗತಿದ್ಲು. ಎರಡ್ ಸಲ ಸೆರಗು ಹಿಡದು ಜಗ್ಗೀನಿ."

"ನನಗ್ಯಾಕ ಹೇಳಲಿಲ್ಲೋ ಅಣ್ಣಾ?"

"ಸಣ್ಣಾವಗ ಹೇಳಬ್ಯಾಡ, ನನ್ನ ಹುಚ್ಚಿ ಅಂದಾನು ಅಂತ ನನ್ನ ಕಡಿಂದ ಆಣಿ ಮಾಡಿಸಿಕೊಂಡಿದ್ಲು."

ಆತನ ಮೇಲೆ ಅಷ್ಟು ಕೂಗಾಡಿದ್ದೆ. ಆತ ಅವ್ವನ ಮಾನ ಕಾಯುತ್ತ ಸುಮ್ಮನೆ ನಿಂತು ಕೇಳಿಸಿಕೊಂಡಿದ್ದ. "ತಪ್ಪಾತಣ್ಣಾ, ಭಾಳ ತಪ್ಪಾತು" ಎಂದೆ. ಪೈಪು ಹಿಡಿದುಕೊಂಡೇ ಆತನ ಕಾಲಿಗೆ ಬಗ್ಗಿದೆ.

"ಪೈಪ್ ಅಲಗಾಡಸಬ್ಯಾಡ" ಎಂದ ಅಣ್ಣ. "ಅಂಟು ಒಣಗಲಿ."

ಗಿರಿಜಾ ಮಾಡಿದ ಶೇಂಗಾ ಹೋಳಿಗೆ ಎರಡು ಉಂಡು, ಎರಡು ಕಟ್ಟಿಸಿಕೊಂಡು ಇಳಿಹೊತ್ತಿನ ಬಸ್ಸಿಗೆ ಹೊರಟ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಪಂಪ್ ನಿಂತ್ರ ಫೋನ್ ಮಾಡು" ಎಂದ.

ಮರುದಿನ ಕರೆಂಟು ಒಮ್ಮೆಯೂ ಹೋಗಲಿಲ್ಲ. ಪಂಪು ಸದ್ದಿಲ್ಲದೆ ತಿರುಗುತ್ತಿತ್ತು. ಹವಳ ಒಂದೊಂದಾಗಿ ಬೆರಳು ಹೊರಗೆ ಚಾಚುತ್ತಿತ್ತು. ಸಾಲಿಯಿಂದ ಬಂದವನೇ ಚಪ್ಪಲಿ ಬಿಡುವ ಮೊದಲೇ ಅಣ್ಣನಿಗೆ ಫೋನು ಹಚ್ಚಿದೆ.

"ಏನಾತೋ? ನಿಂತಿತೇನು?" ಗಾಬರಿಯಿಂದ ಕೇಳಿದ.

"ಇಲ್ಲ, ಚಲೋ ನಡದೈತಿ."

"ಮತ್ತ?"

"ಏನಿಲ್ಲ ಅಣ್ಣಾ. ಸುಮ್ನ."

ಆ ಕಡೆ ಯಾವುದೋ ಮೋಟಾರು ಗುಂಯ್‌ಗುಡುತ್ತಿದ್ದದ್ದು ಬಂದ್ ಆಯಿತು. "ತಡಿ ಹಂಗಾರ, ಕುಂದರತೀನಿ" ಎಂದ ಅಣ್ಣ. ಖುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.