ಅಷ್ಟಮಿಯ ರಜೆ

ಪುಣೆ ಹತ್ತಿರದ ಖಡಕಿಯ ವರ್ಕ್‌ಶಾಪಿನಲ್ಲಿ ನನ್ನ ಪಕ್ಕದ ಮೇಜಿನ ಫಿಟ್ಟರಿಗೆ ನಮಗೆಲ್ಲ ಬೇಕಾದ ಭಾನುವಾರದ ರಜೆ ಬೇಡವಾಗಿತ್ತು, ಅಷ್ಟಮಿಯದು ಬೇಕಿತ್ತು. ಕೊಂಕಣದ ದಂಡೆಯಲ್ಲಿ ಅವರ ಅಣ್ಣನ ದೋಣಿಯಿತ್ತು, ಅದರಲ್ಲಿ ಮೀನು ಹಿಡಿಯಲು ಹೋಗುತ್ತಿದ್ದರು. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಭಾಳ ಜಗ್ಗುತ್ತದೆ, ಗಾಳ ತಳದಲ್ಲಿ ನಿಲ್ಲುವುದಿಲ್ಲ. ಅಷ್ಟಮಿಗೆ, ಅರ್ಧಚಂದ್ರನ ದಿನ, ಸೆಳೆತ ಕಡಿಮೆ. ಊಟದ ಹೊತ್ತಿಗೆ ಅಂಗಳಕ್ಕೆ ಬಂದು ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿಯುತ್ತಿದ್ದರು. ನಾವು ನಕ್ಕರೆ ಒಂದೇ ಮಾತು: “ಸಮುದ್ರಕ್ಕ ಭಾನುವಾರ ಗೊತ್ತಿಲ್ರಿ.”

ಎರಡನೇ ಮಹಾಯುದ್ಧದ ಕಾಲಕ್ಕೆ ಹೊಸ ಇಂಗ್ಲಿಷ್ ಸಾಹೇಬ ಬಂದ. ಮಳೆಗಾಲ ಮುಗಿದ ಮೇಲಿನ ಮೊದಲ ಅಷ್ಟಮಿಗೆ ಇವರು ರಜೆ ಕೇಳಿದಾಗ ಎಲ್ಲರೆದುರು ಮುರುಕು ಹಿಂದೂಸ್ತಾನಿಯಲ್ಲಿ ಗದರಿದ: “ಇಲ್ಲಿ ನಡೆಯುವುದು ನನ್ನ ಹುಕುಂ, ಚಂದ್ರನದಲ್ಲ. ಹೋದರೆ ತಿರುಗಿ ಬರಬೇಡ.”

ಯಂತ್ರಗಳ ಗದ್ದಲದಲ್ಲೂ ನಮಗೆಲ್ಲ ಕೇಳಿಸಿತು. ಯಾರೂ ತಲೆ ಎತ್ತಲಿಲ್ಲ. ಅವರು ಮಾತ್ರ ಎಣ್ಣೆಗೈಯನ್ನು ಸಾವಕಾಶ ಒರೆಸಿಕೊಂಡರು. ಗೇಟಿನಲ್ಲಿ ದಿನಾ ತೋರಿಸುವ ಹಿತ್ತಾಳೆಯ ಬಿಲ್ಲೆಯನ್ನು ಕೊರಳಿಂದ ತೆಗೆದು ಸಾಹೇಬನ ಮುಂದೆ ಇಟ್ಟರು. ಅವನ ಕಣ್ಣಲ್ಲಿ ಕಣ್ಣಿಟ್ಟು ಕನ್ನಡದಲ್ಲೇ ಅಂದರು:

“ನೀವೇ ಇಟಗೋರಿ. ಇದನ್ನ ಗಾಳಕ್ಕ ಕಟ್ಟಿದ್ರ ಮೀನೂ ಮೂಸಿ ನೋಡೂದಿಲ್ಲ.”