ಹಾಕದೆ ಉಳಿದ ಜಾಲರಿ

ನಮ್ಮ ಸೋದರಮಾವನಿಗೆ ಊರಲ್ಲೆಲ್ಲ ಕಿವಿ ಮೇಸ್ತ್ರಿ ಅಂತಲೇ ಹೆಸರು. ಹಳೆಯ ಕಾರು ರಸ್ತೆಯ ತಿರುವಿನಲ್ಲಿ ಇರುವಾಗಲೇ ತನ್ನ ರಿಪೇರಿ ಶೆಡ್ಡಿನೊಳಗೆ ಕೂತು ಸದ್ದಿನಿಂದಲೇ ಅದರ ಕಾಯಿಲೆ ಹೇಳುತ್ತಿದ್ದ. ಕೈ ಚಿನ್ನ, ಮನಸ್ಸು ಮಾತ್ರ ಬಲು ನಾಜೂಕು. ಕೋಪ ಬಂದರೆ ಬಯ್ಯುವವನಲ್ಲ, ಮಾತೇ ನಿಲ್ಲಿಸಿಬಿಡುತ್ತಿದ್ದ. "ಇವನು ಬೈದರಾದರೂ ಅನ್ನಿಸಿಕೊಂಡು ಸುಮ್ಮನಾಗಬಹುದಿತ್ತು" ಅಂತ ಅಮ್ಮ ಅನ್ನುತ್ತಿದ್ದಳು. ಅಮ್ಮ ಅವನಿಗೆ ಆರು ವರ್ಷಕ್ಕೆ ದೊಡ್ಡ ಅಕ್ಕ. ಎತ್ತಿ ಆಡಿಸಿದವಳು.

ಅಪ್ಪ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ತಾತನ ಕಾಲದ ಕಾರೊಂದು ನಮ್ಮಲ್ಲಿತ್ತು. ಅದನ್ನು ಹಳೆಯ ಕಾರುಗಳ ಪ್ರದರ್ಶನಕ್ಕೆ ಒಯ್ಯಬೇಕೆಂದು ಅಪ್ಪನಿಗೆ ಹುಚ್ಚು ಹಿಡಿಯಿತು. ಹೊರಮೈಗೆ ತಾನೇ ಬಣ್ಣ ಹೊಡೆದ. ಬಾನೆಟ್ ಎತ್ತಿದರೆ ಮಾತ್ರ ಮುಖ ಸಿಂಡರಿಸುತ್ತಿದ್ದ. ಎಂಜಿನ್ ಮೇಲೆ ಕುಳಿತಿದ್ದ ಏರ್ ಕ್ಲೀನರ್ ಮಸಿ ಹಿಡಿದ ಮಡಕೆಯಂತಿತ್ತು. ತಳದಲ್ಲಿ ಎಣ್ಣೆ, ಮೇಲೆ ತಂತಿಯ ಸಿಂಬೆ. ಗಾಳಿಯ ಧೂಳೆಲ್ಲ ಆ ಎಣ್ಣೆಯಲ್ಲಿ ನಿಲ್ಲುತ್ತಿತ್ತು.

ಅಪ್ಪ ಎಲ್ಲಿಂದಲೋ ಹೊಸದೊಂದನ್ನು ತಂದ. ನೋಡಲು ಹಳೆಯ ಕಾಲದ್ದರಂತೆಯೇ ಗುಂಡಗೆ, ಕನ್ನಡಿಯಂತೆ ಹೊಳೆಯುವ ಮುಚ್ಚಳ. ಒಳಗೆ ಬರೀ ಸ್ಪಂಜಿನ ಬಳೆ.

ಮಾವ ಅದನ್ನು ತಿರುಗಿಸಿ ನೋಡಿದ. "ಬೇಡ ಭಾವ. ಮುಚ್ಚಳ ಕಾರ್ಬುರೇಟರ್ ಬಾಯಿಗೆ ತೀರಾ ಹತ್ತಿರ ಕೂರುತ್ತೆ. ಗಾಳಿ ಸಾಲದೆ ಪೆಟ್ರೋಲ್ ಜಾಸ್ತಿಯಾಗುತ್ತೆ. ಅದೂ ಹೋಗಲಿ, ಎಂಜಿನ್ ಒಮ್ಮೊಮ್ಮೆ ಹಿಂದಕ್ಕೆ ಕೆಮ್ಮುತ್ತೆ ನೋಡಿ, ಆಗ ಬೆಂಕಿ ಮೇಲಕ್ಕೇ ಬರೋದು. ಅದನ್ನ ಆ ಕರಿ ಮಡಕೆ ನುಂಗಿಕೊಳ್ಳುತ್ತೆ. ಈ ಸ್ಪಂಜು ನುಂಗಲ್ಲ, ಹತ್ತಿಕೊಳ್ಳುತ್ತೆ."

ಶೆಡ್ಡಿನಲ್ಲಿ ಇನ್ನೂ ಮೂರು ಜನ ಗಿರಾಕಿಗಳಿದ್ದರು. ಅಪ್ಪ ಅವರ ಕಡೆ ತಿರುಗಿ, "ನಮ್ಮ ಭಾಮೈದನ ಕೈಗೆ ಮದುಮಗಳನ್ನ ಕೊಟ್ಟರೂ ಮಸಿ ಬಳಿದೇ ಕಳಿಸೋದು" ಅಂದ. ಎಲ್ಲರೂ ನಕ್ಕರು. ಮಾವ ನಗಲಿಲ್ಲ.

"ಸರಿ, ಹಾಕ್ತೀನಿ. ಒಳಗೆ ತಾಮ್ರದ ಜಾಲರಿ ಎರಡು ಸುತ್ತು ಕೊಟ್ಟರೆ ಬೆಂಕಿ ತಡೆಯುತ್ತೆ" ಅಂದ. ಸಂಜೆ ಹೊಸ ಮುಚ್ಚಳ ಕೂರಿಸಿದ ಕಾರನ್ನು ಮಾವನೇ ಮನೆಗೆ ತಂದ. "ಜಾಲರಿ ಮುಗಿದಿದೆ, ಮುಂದಿನ ವಾರ ಹಾಕೋಣ" ಅಂತಷ್ಟೇ ಹೇಳಿ, ಅಮ್ಮ ಕೊಟ್ಟ ಕಾಫಿಯನ್ನೂ ಕುಡಿಯದೆ ಹೋದ.

ಆ ಮುಂದಿನ ವಾರ ಬರುವ ಮೊದಲೇ ಪ್ರದರ್ಶನದ ದಿನ ಬಂತು. ಬೆಳಿಗ್ಗೆ ಎಂಜಿನ್ ಹಿಡಿಯಲೇ ಇಲ್ಲ. ಅಪ್ಪ ಬಾನೆಟ್ ಎತ್ತಿ ಬಗ್ಗಿ ನಿಂತ. "ನೀನು ಕೂತು ಕೀ ತಿರುಗಿಸು, ಆಕ್ಸಿಲರೇಟರ್ ಒತ್ತುತ್ತಿರು" ಅಂತ ಅಮ್ಮನಿಗೆ ಹೇಳಿದ. ಅಮ್ಮ ಒತ್ತಿದಳು, ತಿರುಗಿಸಿದಳು, ಮತ್ತೆ ಒತ್ತಿದಳು. ನಾನು ಜಗಲಿಯ ಮೇಲೆ ಶೂ ಹಾಕಿಕೊಳ್ಳುತ್ತಿದ್ದೆ. ಪಟಾರ್ ಅಂತ ಒಂದು ಸದ್ದು. ಪೆಟ್ರೋಲ್ ಕುಡಿದ ಸ್ಪಂಜು ಭಗ್ಗನೆ ಹತ್ತಿಕೊಂಡಿತು. ಅಪ್ಪ ಬರಿಗೈಯಲ್ಲೇ ಅದನ್ನು ಕಿತ್ತು ಎಸೆದ.

ಕಾರು ಉಳಿಯಿತು. ಅಪ್ಪನ ಬಲಗೈ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ವಾಸಿಯಾದವು. ಎರಡು ಸಲ ಆಪರೇಷನ್ ಮಾಡಿಸಿದರೂ ಬ್ರಷ್ ಹಿಡಿಯಲಾಗಲಿಲ್ಲ. ಶಾಲೆಯವರು ಅವನನ್ನು ಲೈಬ್ರರಿಯಲ್ಲಿ ಕೂರಿಸಿದರು. ನೋಡಲು ಬಂದವರಿಗೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದ: "ನನ್ನ ಶೋಕಿ, ನನ್ನ ಕೈ. ಭಾಮೈದ ಬೇಡ ಅಂದಿದ್ದ."

ಆ ಮಾತು ಕೇಳಿದಾಗಲೆಲ್ಲ ಮಾವ ಎದ್ದು ಹೊರಗೆ ಹೋಗುತ್ತಿದ್ದ. ಶೆಡ್ಡಿನಲ್ಲಿ ಹಳೆಯ ಎಂಜಿನ್ನೊಂದನ್ನು ಕಬ್ಬಿಣದ ಸ್ಟ್ಯಾಂಡಿಗೆ ಕೂರಿಸಿದ. ಹೊಳೆಯುವ ಮುಚ್ಚಳ ಹಾಕಿಕೊಡು ಅಂತ ಯಾರಾದರೂ ಬಂದರೆ ಅವರನ್ನು ದೂರ ನಿಲ್ಲಿಸಿ, ಬೇಕೆಂದೇ ಎಂಜಿನ್ನನ್ನು ಕೆಮ್ಮಿಸುತ್ತಿದ್ದ. ತೆರೆದ ಬಾಯಿಂದ ಮೊಳದುದ್ದ ಬೆಂಕಿ ಎದ್ದು ಮಾಯವಾಗುತ್ತಿತ್ತು. ಕೆಲವರು ಹಳೆಯ ಮಡಕೆಯನ್ನೇ ತೊಳೆಸಿ, ಎಣ್ಣೆ ಹಾಕಿಸಿಕೊಂಡು ಹೋದರು. ಬಹಳ ಜನ ಬೇರೆ ಶೆಡ್ ಹುಡುಕಿಕೊಂಡರು.

ಅಮ್ಮ ಆ ಕಾರಿನಲ್ಲಿ ಮತ್ತೆ ಕೂರಲಿಲ್ಲ. ಅಪ್ಪನಿಗೆ ಅನ್ನ ಕಲಸಿ ಕೊಡುವಾಗ, ಅಂಗಿಯ ಗುಂಡಿ ಹಾಕುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ಏನಮ್ಮಾ ಅಂದರೆ, ಏನಿಲ್ಲ ಅನ್ನುತ್ತಿದ್ದಳು.

ಒಂಬತ್ತು ವರ್ಷದ ಮೇಲೆ ಅಪ್ಪ ಹೃದಯಾಘಾತದಿಂದ ತೀರಿಕೊಂಡ. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಮಾವ ಬಂದು ಅಡುಗೆಮನೆಯ ಬಾಗಿಲಲ್ಲೇ ನೆಲದ ಮೇಲೆ ಕುಳಿತ. ಅಮ್ಮ ಬೀನ್ಸ್ ಬಿಡಿಸುತ್ತಿದ್ದಳು.

"ಅಕ್ಕಾ, ಆವತ್ತು ಜಾಲರಿ ಮುಗಿದಿರಲಿಲ್ಲ" ಅಂದ. "ಶೆಡ್ಡಲ್ಲೇ ಇತ್ತು. ಭಾವ ಎಲ್ಲರ ಮುಂದೆ ನಗಾಡಿದರಲ್ಲ, ಮೈಯೆಲ್ಲ ಉರಿದುಹೋಯಿತು. ಎರಡು ದಿನ ಸತಾಯಿಸೋಣ, ಬಂದು ಕೇಳಲಿ ಅಂದುಕೊಂಡೆ. ಅವರಿಗೆ ಹೇಳಬೇಕು ಹೇಳಬೇಕು ಅಂತ ಎಷ್ಟು ಸಲ ಬಂದೆನೋ. ಬಾಯೇ ಬರಲಿಲ್ಲ."

ಅಮ್ಮ ಬೀನ್ಸಿನ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಕೀ ತಿರುಗಿಸಿದವಳು ನಾನು ಕಣೋ" ಅಂದಳು. "ಜಾಸ್ತಿ ಒತ್ತಿಬಿಟ್ಟೆ, ನನ್ನ ಕೈಯಾರೆ ಅವರ ಕೈ ಸುಟ್ಟೆ ಅಂತ ಒಂಬತ್ತು ವರ್ಷ ಒಳಗೊಳಗೇ ಬೆಂದೆ. ಅವರ ಕಣ್ಣಲ್ಲಿ ಕಣ್ಣಿಟ್ಟು ಒಂದು ದಿನವೂ ನೋಡಲಿಲ್ಲ ನಾನು. ನೀನು ನನ್ನೆದುರೇ ಕೂತು ಊಟ ಮಾಡಿಕೊಂಡು ಹೋಗ್ತಿದ್ದೆಯಲ್ಲೋ!"

"ನಿನಗೆ ಹಾಗನ್ನಿಸಿದೆ ಅಂತ ನನಗೆ ಗೊತ್ತಿರಲಿಲ್ಲ ಅಕ್ಕಾ."

"ಕೇಳಿದ್ದೆಯಾ?"

ಅಮ್ಮ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾವ ಕತ್ತಲಾಗುವವರೆಗೂ ಅಲ್ಲೇ ಕೂತಿದ್ದು, ಉಳಿದ ಬೀನ್ಸ್ ಬಿಡಿಸಿಟ್ಟು ಹೋದ.

ಆಮೇಲೆ ಅಮ್ಮ ಅವನ ಜೊತೆ ಮಾತಾಡಲಿಲ್ಲ. ಬರಬೇಡ ಅನ್ನಲೂ ಇಲ್ಲ. ಅವನು ಭಾನುವಾರ ಬರುತ್ತಿದ್ದ, ಅವಳು ತಟ್ಟೆ ಹಾಕುತ್ತಿದ್ದಳು. ಸಾರು ಬೇಕೇ ಅಂತ ನನ್ನ ಬಾಯಿಂದ ಕೇಳಿಸುತ್ತಿದ್ದಳು. ನಾಲ್ಕು ವರ್ಷ ಹೀಗೇ ನಡೆಯಿತು. ಕೊನೆಕೊನೆಗೆ ಮಾವನಿಗೆ ಕಿವಿ ಮಂದವಾಗಿ ಕೆಲಸ ನಿಂತಿತು. ಶೆಡ್ ಖಾಲಿ ಮಾಡಿದ ಮುಂದಿನ ಚಳಿಗಾಲದಲ್ಲಿ, ಎದೆಯ ಕಾಯಿಲೆಯಿಂದ ಆಸ್ಪತ್ರೆಯಲ್ಲಿ ಹೋಗಿಬಿಟ್ಟ.

ಅಮ್ಮ ಕೊನೆಯ ಮೂರು ದಿನ ಅವನ ಮಂಚದ ಪಕ್ಕದಲ್ಲೇ ಇದ್ದಳು. ಅವನ ಕಾಲು ಒತ್ತಿದಳು, ತಲೆ ಬಾಚಿದಳು. ಕ್ಷಮಿಸಿದ್ದೀನಿ ಅಂತ ಒಂದು ಮಾತು ಹೇಳಮ್ಮ ಅಂತ ನಾನು ಅಂಗಲಾಚಿದೆ. "ಬರದೇ ಇರೋ ಮಾತನ್ನ ಹೇಗೆ ಹೇಳಲಿ?" ಅಂದಳು. ಅಳುತ್ತಲೇ ಅಂದಳು.