ಕಿವಿಯಲ್ಲಿ ಕರೆದ ಹೆಸರು

ದುರ್ಗದಬೈಲ್ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಕೆಳಗೆ ನನ್ನ ಗಂಡನ ತಿಜೋರಿ ಮಾಡುವ ವರ್ಕ್‌ಶಾಪ್, ಮೇಲೆ ನಾವು. ಬೆಳಗಾದರೆ ತಗಡು ಬಡಿಯುವ ಸದ್ದು. ಆ ಸದ್ದಿನಲ್ಲೂ ನನ್ನ ಮಗ ಸಮರ್ಥ ಹಾಯಾಗಿ ಮಲಗುತ್ತಿದ್ದ. "ಎಷ್ಟ ಶಾಣ್ಯಾ ಕೂಸವಾ, ಅಪ್ಪನ ಕೆಲಸಕ್ಕ ಈಗಿಂದನ ಹೊಂದಿಕೊಂಡೈತಿ," ಎಂದು ಅತ್ತೆ ದೃಷ್ಟಿ ತೆಗೆಯುತ್ತಿದ್ದರು. ನಾನೂ ಬೀಗುತ್ತಿದ್ದೆ.

ಅವನಿಗೆ ಐದು ತಿಂಗಳು ತುಂಬುತ್ತಿದ್ದಾಗ ಒಂದು ಮಧ್ಯಾಹ್ನ ಕೆಳಗೆ ತಗಡಿನ ಇಡೀ ಕಟ್ಟು ಜಾರಿ ಬಿತ್ತು. ನನ್ನ ಕೈಯಲ್ಲಿದ್ದ ಚಹಾದ ಕಪ್ಪು ನೆಲಕ್ಕೆ ಬಿತ್ತು. ಅತ್ತೆ ಎದೆ ಹಿಡಿದುಕೊಂಡರು. ಸಮರ್ಥ ಎಚ್ಚರವಾಗಿಯೇ ಇದ್ದ. ಫ್ಯಾನ್ ನೋಡುತ್ತಾ ಕಾಲು ಬಡಿಯುತ್ತಿದ್ದ.

ಬೆಚ್ಚಲೇ ಇಲ್ಲ.

ಅವನ ತಲೆಯ ಹಿಂದೆ ನಿಂತು ಚಮಚದಿಂದ ತಾಟು ಬಡಿದೆ. ಹೆಸರು ಹಿಡಿದು ಕೂಗಿದೆ. ಮುಂದೆ ಬಂದು ಮುಖ ತೋರಿಸಿದ ಮೇಲೆಯೇ ಬೊಚ್ಚುಬಾಯಿ ಬಿಟ್ಟು ನಕ್ಕ. "ಇವಂಗ ಕೇಳಸವಲ್ದು," ಎಂದೆ ಅತ್ತೆಗೆ.

"ನೀ ಮೊದಲ ಅಂಜುಬುರುಕಿ," ಎಂದರು ಅತ್ತೆ. ಹೇಳಿ, ತಾವೂ ಒಮ್ಮೆ ತಾಟು ಬಡಿದು ನೋಡಿದರು.

ಆಸ್ಪತ್ರೆಯಲ್ಲಿ ಕಿವಿ ಎಷ್ಟು ಕೇಳುತ್ತದೆಂದು ನೋಡುವ 'ಬೇರಾ' ಟೆಸ್ಟ್ ಮಾಡಿದರು. ಮಲಗಿದ್ದ ಕೂಸಿನ ಹಣೆಗೆ, ಕಿವಿಯ ಹಿಂದೆ ವೈರು ಅಂಟಿಸಿದಾಗ ನಾನು ಗೋಡೆ ಹಿಡಿದು ನಿಂತಿದ್ದೆ. ಡಾಕ್ಟರ್ ರಿಪೋರ್ಟ್ ನೋಡಿ ನಿಧಾನವಾಗಿ ಹೇಳಿದರು: "ಎರಡೂ ಕಿವಿ ಭಾಳ ಕಡಿಮಿ ಕೇಳತಾವ್ರಿ. ಹಿಯರಿಂಗ್ ಏಡ್ ಹಾಕೂಣು."

"ಮಾತಾಡ್ತಾನೇನ್ರಿ?" ಎಂದೆ ನಾನು.

"ಈಗ ಹೇಳಾಕ ಬರೂದಿಲ್ರಿ. ಲಗೂ ಬಂದೀರಿ, ಅದು ಛಲೋ ಆತು. ಏಡ್ ಹಾಕಿದ ಮ್ಯಾಲ ದಿನಾ ಅವನ ಮುಂದ ಕುಂತು ಮಾತಾಡ್ರಿ. ಉಣಸುವಾಗ, ನೀರ ಎರಿಯುವಾಗ, ಸುಮ್ನ ಇರಬ್ಯಾಡ್ರಿ."

"ಅದೊಂದು ನಮ್ಮಾಕಿಗೆ ಕಲಸೂದು ಬ್ಯಾಡ್ರಿ," ಎಂದ ನನ್ನ ಗಂಡ. ನಗಿಸಲು ಹೇಳಿದ್ದು. ಅವನ ಕಣ್ಣು ಕೆಂಪಾಗಿತ್ತು.

ಆಮೇಲಿನ ದಿನಗಳು ಬರೀ ಭಯದವು. ಹಾಡಿದ ಜೋಗುಳ, ಬೈದ ಬೈಗುಳ, ಒಂದೂ ಅವನನ್ನು ಮುಟ್ಟಿರಲಿಲ್ಲ. ನಾಳೆ ರಸ್ತೆಯಲ್ಲಿ ಹಿಂದಿನಿಂದ ಗಾಡಿ ಬಂದರೆ ಇವನಿಗೆ ತಿಳಿಯುವುದು ಹೇಗೆ? ನನ್ನನ್ನು ಅವ್ವಾ ಎಂದು ಕರೆಯುತ್ತಾನೋ ಇಲ್ಲವೋ? ಬಾಯಾಳಿ ಎನಿಸಿಕೊಂಡ ನನಗೆ ಅವನೆದುರು ಕುಳಿತರೆ ಮಾತೇ ಹೊರಡುತ್ತಿರಲಿಲ್ಲ.

ಏಡ್ ಹಾಕಿಸಿಕೊಂಡು ಬಂದ ದಿನ ಶಿರಗುಪ್ಪಿಯಿಂದ ಗಂಗಕ್ಕ ಬಂದಳು. ನನ್ನ ಗಂಡನ ಅಕ್ಕ. ನಮ್ಮಲ್ಲಿ ಹೆಸರಿಡುವ ದಿನ ಸೋದರತ್ತೆ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಕರೆಯುತ್ತಾಳೆ. ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಸಮರ್ಥನಿಗೂ ಅವಳೇ ಕರೆದದ್ದು. ಅಂದು ಅವನು ಮಿಸುಕಿರಲಿಲ್ಲ. ಗುಣವಂತ ಕೂಸು ಎಂದು ಎಲ್ಲರೂ ನಕ್ಕಿದ್ದೆವು.

"ನಾ ಕರದ ಹೆಸರು ಅವಂಗ ಮುಟ್ಟೇ ಇಲ್ಲ," ಎಂದಳು ಗಂಗಕ್ಕ. "ಮತ್ತ ಕರೀತೇನಿ. ತೊಟ್ಲಾಗ ಹಾಕ್ರಿ."

ನಾನೂ ಅತ್ತೆಯೂ ಅವಳ ಹಿಂದೆ ನಿಂತೆವು. ಗುದ್ದಲು ಕೈ ಎತ್ತಿದೆವು. ಈ ಸಲವೂ ಅವನು ಮಿಸುಕದಿದ್ದರೆ?

"ಕುರ್ರ್... ಸಮರ್ಥ."

ಬಡಿಯುತ್ತಿದ್ದ ಕಾಲು ನಿಂತವು. ಕಣ್ಣು ಅಗಲವಾದವು. ತುಟಿ ನಡುಗಿತು, ಹೋ ಎಂದು ಅಳತೊಡಗಿದ. ನಮ್ಮ ಕೈ ಎತ್ತಿದಲ್ಲೇ ಉಳಿದಿದ್ದವು. ಗಂಗಕ್ಕ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡು, "ಗುದ್ದರೆವಾ, ಯಾಕ ನಿಂತೀರಿ?" ಎಂದಳು.

ಭಯ ಹೋಗಿಲ್ಲ. ಏಡ್ ಸಾಕಾಗದಿದ್ದರೆ ಆಪರೇಷನ್ ಎಂದಿದ್ದಾರೆ. ದಿನಾ ಬೆಳಿಗ್ಗೆ ಏಡ್ ಹಾಕಿ ಹಿಂದಿನಿಂದ ಹೆಸರು ಕರೆಯುತ್ತೇನೆ. ಅವನು ತಿರುಗುವವರೆಗೆ ನನಗೆ ಉಸಿರಿಲ್ಲ. ಕೆಲವು ದಿನ ತಿರುಗುತ್ತಾನೆ.

ನಿನ್ನೆ ಕೆಳಗೆ ಸುತ್ತಿಗೆ ಬಿದ್ದೊಡನೆ ಸಮರ್ಥ ಬೆಚ್ಚಿ ನನ್ನ ಕುಪ್ಪಸ ಹಿಡಿದ. ಅತ್ತೆ ಮೆಟ್ಟಿಲಿನ ಬಳಿ ನಿಂತು ಕೆಳಗಿದ್ದ ತಮ್ಮ ಮಗನಿಗೆ ಕೂಗಿದರು.

"ಸಾವಕಾಶ ಬಡೀಪಾ, ಕೂಸು ಅಂಜತೈತಿ."